ಎರಡು ನುಡಿಗಳ ನೆಲದಲ್ಲಿ ಇಂಗ್ಲಿಷ್ ಕಲಿಕೆ

ಬ್ರಹ್ಮಸಮುದ್ರದ ಕನ್ನಡ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಎರಡನೆಯ ಭಾಷೆಯಲ್ಲ, ಮೂರನೆಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆ ಬಳಿಕ ಪಠ್ಯದ ಇಂಗ್ಲಿಷ್. ಇಂತಹ ವಿದ್ಯಾರ್ಥಿ ಕಾಲೇಜಿನಲ್ಲಿ ಇಂಗ್ಲಿಷ್ ಮಾತನಾಡಲು ತಡವರಿಸಿದರೆ ಅದನ್ನು ವ್ಯಾಕರಣದ ಕೊರತೆಯೆಂದು ಎಣಿಸುವುದು ವಾಡಿಕೆ. ಈ ಸೀಮೆಯ ಚರಿತ್ರೆ ಆ ಎಣಿಕೆಯನ್ನು ಒಪ್ಪುವುದಿಲ್ಲ.

1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಮೊದಲು ಭಾಷೆ ಕಲಿಯಬೇಕಾದವರು ಹೊರಗಿನಿಂದ ಬಂದವರೇ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಅಲ್ಲಿಯೇ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕಲಿಯುವ ಹೊಣೆ ನಮ್ಮವರ ಮೇಲೆ ಬಿತ್ತು. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಯಿತು. 1916ರಲ್ಲಿ ಅಲ್ಲಿ ದತ್ತಮಂಡಲ ಕಾಲೇಜು ಆರಂಭವಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ನಾವು ಆಂಧ್ರದಲ್ಲಿ ಉಳಿದೆವು. ಹತ್ತಿರದ ಕನ್ನಡ ಪಟ್ಟಣ ಅಂದಿನಿಂದ ಪರರಾಜ್ಯ.

ಕಾಲೇಜಿಗೆ ಹೋದ ನಮ್ಮ ಹುಡುಗನನ್ನು ನಿಜವಾಗಿ ತಡೆದದ್ದು ಯಾವುದು? ಕನ್ನಡದಲ್ಲಿ 'ನೀನು', 'ನೀವು'. ತೆಲುಗಿನಲ್ಲಿ 'ನುವ್ವು', 'ಮೀರು'. ಯಾರಿಗೆ ಯಾವುದೆಂದು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಇಂಗ್ಲಿಷಿನಲ್ಲಿ ಗುರುವಿಗೂ ಗೆಳೆಯನಿಗೂ ಒಂದೇ 'ಯು'. ಬಹುವಚನವಿಲ್ಲದೆ ಗುರುವನ್ನು ಮಾತನಾಡಿಸುವುದು ಹೇಗೆ? ಆದ್ದರಿಂದಲೇ ಪ್ರತಿ ವಾಕ್ಯದ ಕೊನೆಗೂ 'ಸರ್' ಬಂದು ಕೂರುತ್ತದೆ. ಕಳೆದುಹೋದ ಗೌರವವನ್ನು ಅದು ಮರಳಿ ತರುತ್ತದೆ. ಹೊರಡುವಾಗ ಕನ್ನಡಿಗ 'ಹೋಗಿಬರುತ್ತೇನೆ' ಎನ್ನುತ್ತಾನೆ, ತೆಲುಗಿನವ 'ವೆಳ್ಳೊಸ್ತಾನು' ಎನ್ನುತ್ತಾನೆ. ಬರಿದೇ 'ಹೋಗುತ್ತೇನೆ' ಎಂಬುದು ಎರಡೂ ಕಡೆ ಅಶುಭ. ಇದನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಕೇಳಿದವರು ಅವನು ಹಿಂತಿರುಗುವನೆಂದು ಕಾದು ಕೂರಬಹುದು! 'ಊಟವಾಯಿತೆ?' ಎಂಬ ಕುಶಲಪ್ರಶ್ನೆಯನ್ನು ಪರದೇಶದವರು ಆಮಂತ್ರಣವೆಂದೂ ತಿಳಿದಾರು. ವಾಕ್ಯಗಳಲ್ಲಿ ತಪ್ಪಿಲ್ಲ, ವ್ಯತ್ಯಾಸವಿರುವುದು ನಡವಳಿಕೆಯಲ್ಲಿ. ಪರೀಕ್ಷೆಯಾದರೋ ವಾಕ್ಯಕ್ಕೆ ಮಾತ್ರ ಅಂಕ ಕೊಡುತ್ತದೆ.

ಈ ನಡವಳಿಕೆಯ ಅರಿವು ಗಡಿಯವರಿಗೆ ಹೊಸದಲ್ಲ. ಇದೇ ಜಿಲ್ಲೆಯ ತಾಡಪತ್ರಿಯಲ್ಲಿ 1880ರಲ್ಲಿ ಜನಿಸಿದ ಬಳ್ಳಾರಿ ರಾಘವರು ವೃತ್ತಿಯಿಂದ ವಕೀಲರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದವರು. ನಟನಿಗೆ ಮಾತಷ್ಟೇ ಸಾಲದು. ಆ ಮಾತಿನವರು ಹೇಗೆ ಕೈ ಎತ್ತುತ್ತಾರೆ, ಎಲ್ಲಿ ಮೌನವಾಗುತ್ತಾರೆ ಎಂಬುದೂ ತಿಳಿದಿರಬೇಕು. ಸಂತೆಯಲ್ಲಿ ಎದುರಿನವರ ಮುಖ ನೋಡಿ ನುಡಿ ಬದಲಿಸುವ ನಮ್ಮ ಮಗುವಿನಲ್ಲಿ ಇದರ ಬೀಜವಿದೆ.

2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರವು ಸರ್ಕಾರಿ ಶಾಲೆಗಳಿಗೆ ಆಂಗ್ಲಮಾಧ್ಯಮವನ್ನು ವಿಧಿಸಿ ಹೊರಡಿಸಿದ ಆಜ್ಞೆಯನ್ನು ಹೈಕೋರ್ಟು 2020ರ ಏಪ್ರಿಲಿನಲ್ಲಿ ರದ್ದುಪಡಿಸಿತು. ತೀರ್ಪು ಬಂದರೂ ಪಾಲಕರ ಆತಂಕ ನಿಂತಿಲ್ಲ. ಅದು ಸಹಜವೂ ಹೌದು. ಆದರೆ ಮಗುವಿನ ಕನ್ನಡವನ್ನು ಬಿಡಿಸಿ ಇಂಗ್ಲಿಷ್ ಕೊಡುವವರು, ಅದು ಆಗಲೇ ಕಲಿತಿರುವ ಎರಡು ಲೋಕಗಳ ನಡುವಿನ ಓಡಾಟವನ್ನೂ ಬಿಡಿಸುತ್ತಾರೆ. 'ಹೋಗಿಬರುತ್ತೇನೆ' ಎಂಬುದನ್ನು ಮೂರು ಭಾಷೆಗಳಲ್ಲಿಯೂ ಆಡಿಸಿ, ಮೂರನೆಯದರಲ್ಲಿ ಅದೇಕೆ ಹೊಂದುವುದಿಲ್ಲವೆಂದು ಮಕ್ಕಳಿಂದಲೇ ಹೇಳಿಸಲು ಇಂಗ್ಲಿಷ್ ತರಗತಿಯ ಹತ್ತು ನಿಮಿಷ ಸಾಕು.