ಒಡೆದದ್ದನ್ನು ಕಟ್ಟುವ ಖರ್ಚು ಯಾರದು?

ನಗರಗಳಲ್ಲಿ ವಸತಿ ಸಮುಚ್ಚಯಗಳು ಹೆಚ್ಚಿದಂತೆಲ್ಲ ಒಂದು ಬಗೆಯ ಜಗಳವೂ ಹೆಚ್ಚಿದೆ. ಮೂರನೆಯ ಮಹಡಿಯ ಮನೆಯೊಂದರ ಬಾಲ್ಕನಿಯ ಹಲಗೆ ಕೊಳೆತು ಕುಂಬಾಗಿದೆ. ಇಲ್ಲವೇ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಕೆಳಗಿನ ಮನೆಯವರ ತುಳಸಿ ಕುಂಡದ ಮೇಲೆ ಉದುರುತ್ತಿದೆ. ಹೊಸದಾಗಿ ಹಾಕಿಸಲೇಬೇಕು. ಹಣ ಯಾರು ಕೊಡಬೇಕು? "ಅಲ್ಲಿ ನಿಂತು ಕಾಫಿ ಕುಡಿಯುವವರು ನೀವು, ನೀವೇ ಕೊಡಿ" ಎನ್ನುತ್ತಾರೆ ಸಂಘದವರು. "ಅದು ಕಟ್ಟಡದ ಮೈಯೇ ಅಲ್ಲವೇ, ಸಂಘ ಕೊಡಲಿ" ಎನ್ನುತ್ತಾರೆ ಮನೆಯವರು. ಕಟ್ಟಿಸಿ ಮಾರಿದವರು ಅಷ್ಟು ಹೊತ್ತಿಗೆ ಬೇರೊಂದು ಬಡಾವಣೆಯಲ್ಲಿ ಬೇರೊಂದು ಸಮುಚ್ಚಯ ಕಟ್ಟಿಸುತ್ತಿರುತ್ತಾರೆ.

ಇತಿಹಾಸದ ಮಾತುಕತೆಯಲ್ಲಿ ಬಾಲ್ಕನಿಗೇನು ಕೆಲಸ ಎಂದು ವಿದ್ಯಾರ್ಥಿಗಳು ಕೇಳಬಹುದು. ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಾಲದ ದಾನಶಾಸನಗಳನ್ನು ತೆರೆದು ನೋಡಿ. ರಾಜನ ಬಿರುದುಗಳ ದೊಡ್ಡ ಸಾಲು ಮುಗಿದ ಮೇಲೆ, ದೇವರ ಅಂಗಭೋಗ ರಂಗಭೋಗಗಳ ಜೊತೆಯಲ್ಲಿ, ಒಂದು ಪದಪುಂಜ ಮತ್ತೆ ಮತ್ತೆ ಬರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡ ಎಂದರೆ ತುಂಡಾದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಜೀರ್ಣ ಎಂದರೆ ಸವೆದು ಹಳತಾದದ್ದು. ಕಟ್ಟಡ ನಾಳೆ ಒಡೆಯುತ್ತದೆ ಎಂಬುದನ್ನು ಕಟ್ಟಿದ ದಿನವೇ ಒಪ್ಪಿಕೊಂಡು, ಅದರ ಖರ್ಚಿಗೆ ಇಂಥ ಊರಿನ ಇಂಥ ಹುಟ್ಟುವಳಿ ಎಂದು ಬರೆದಿಡುವ ಕ್ರಮವಿದು. ಪರೀಕ್ಷೆಗೆ ಓದುವವರು ಈ ಸಾಲನ್ನು ದಾಟಿಕೊಂಡು ಹೋಗುವುದೇ ಹೆಚ್ಚು. ನನಗೆ ಮಾತ್ರ ಬಿರುದುಗಳಿಗಿಂತ ಈ ಸಾಲೇ ರುಚಿ.

ಅರಸೀಕೆರೆಯನ್ನೇ ತೆಗೆದುಕೊಳ್ಳಿ. ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕೊನೆಯ ದಿನಗಳಲ್ಲಿ, ಸುಮಾರು 1220ರಲ್ಲಿ, ಅವನ ಮಂತ್ರಿ ರೇಚರಸ ಇಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ನಕ್ಷತ್ರಾಕಾರದ ತೆರೆದ ಮಂಟಪದಿಂದ ಹೆಸರಾದ ಶಿವಾಲಯವೂ ಇದೇ ಕಾಲದ್ದು. ರೇಚರಸ ಗುಡಿ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಅರಸನಿಂದ ಹಂದರಹಾಳು ಎಂಬ ಊರನ್ನು ಪಡೆದು, ಪೂಜೆ ಮತ್ತು ದುರಸ್ತಿಯೇ ಮೊದಲಾದ ಖರ್ಚುಗಳಿಗಾಗಿ ಅದನ್ನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡದ ಜೊತೆಯಲ್ಲಿಯೇ ಅದರ ನಿರ್ವಹಣಾ ನಿಧಿಯನ್ನೂ ಇಟ್ಟುಹೋದ.

ಕೆರೆಯ ವಿಷಯದಲ್ಲಿ ಹಿಂದಿನವರ ಲೆಕ್ಕ ಇನ್ನೂ ಬಿಗಿ. ಊರಿನ ಹೆಸರಿನಲ್ಲಿಯೇ ಅರಸಿಯ ಕೆರೆ ಇದೆಯಲ್ಲ. ಕೆರೆ ಕಟ್ಟಿಸಿದವರಿಗೆ ಅಥವಾ ಒಡೆದ ಏರಿಯನ್ನು ಮತ್ತೆ ಕಟ್ಟಿದವರಿಗೆ ಕೆರೆಯ ಕೆಳಗೆ ಕಟ್ಟುಕೊಡಗೆ ಭೂಮಿ ಸಿಗುತ್ತಿತ್ತು. ನೀರುಂಡ ಗದ್ದೆಯ ಫಸಲಿನಲ್ಲಿ ಒಂದು ಪಾಲು ಬಿತ್ತುವಟ್ಟವೆಂದು ಕೆರೆಗೇ ಹೋಗುತ್ತಿತ್ತು. ಹೂಳು ತೆಗೆದು ಏರಿಗೆ ಮಣ್ಣು ಹಾಕುವ ಬಂಡಿಗೂ ಕೋಣಕ್ಕೂ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಹಲವು. ನೀರು ಕುಡಿದ ಗದ್ದೆ ಏರಿಯ ಖರ್ಚು ಕೊಡಬೇಕು ಎಂಬುದು ಸೂತ್ರ. ನನ್ನ ಗದ್ದೆ ತೂಬಿನಿಂದ ದೂರವಿದೆ, ಏರಿ ಒಡೆದರೆ ನನಗೇನು ಎನ್ನುವ ಹಾಗಿರಲಿಲ್ಲ.

ಇನ್ನು ಬೇಲೂರು. ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ ಎಂಬುದು ನಿಮಗೆಲ್ಲ ಬಾಯಿಪಾಠ. 1117ರಿಂದ ಮುಂದಿನ ಕಥೆ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಗುಡಿಯ ಮೇಲೆ ಹಿಂದೆ ಶಿಖರವೊಂದು ಇತ್ತು. ಅದು ಇಡಿಯಾಗಿ ಕಲ್ಲಿನದಲ್ಲ. ಮರದ ಚೌಕಟ್ಟು, ಇಟ್ಟಿಗೆ, ಗಾರೆ ಸೇರಿದ್ದು. ಬೇಲೂರು ಮಲೆನಾಡಿನ ಅಂಚಿನ ಊರು, ಮಳೆ ಕಡಿಮೆಯಲ್ಲ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಬೇಕಾದದ್ದು ತೇವ, ಗಾಳಿ ಮತ್ತು ಒಂದಿಷ್ಟು ಬೆಚ್ಚಗಿನ ವಾತಾವರಣ. ಗಾರೆಯಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದರೂ ನೀರು ಒಳಗಿಳಿಯುತ್ತದೆ, ಬೇಗ ಒಣಗುವುದಿಲ್ಲ, ಹೊರಗಿನಿಂದ ನೋಡುವವರಿಗೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಶಿಖರ ಹಾಳಾಗುವುದು, ಯಾರೋ ಮತ್ತೆ ಕಟ್ಟಿಸುವುದು, ಮತ್ತೆ ಹಾಳಾಗುವುದು ಹೀಗೇ ನಡೆಯಿತು.

ಆ ಯಾರೋ ಎಂಬುವರು ಯಾರು? ಹೊಯ್ಸಳರು ಹೋಗಿ ವಿಜಯನಗರದವರು ಬಂದಿದ್ದರು. ಇಮ್ಮಡಿ ಹರಿಹರನ ಕಾಲದಲ್ಲಿ, 1381ರಲ್ಲಿ, ಗುಡಿಯೊಳಗೆ ನಾಲ್ಕು ಗ್ರಾನೈಟ್ ಕಂಬಗಳನ್ನು ನಿಲ್ಲಿಸಿದರು. ಉಳಿದ ಗುಡಿಯೆಲ್ಲ ಬಳಪದ ಕಲ್ಲು, ಅಂದರೆ ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು. ಹಾಗಾಗಿ ಕಲ್ಲಿನ ಜಾತಿ ನೋಡಿದರೇ ತೇಪೆ ಯಾವುದೆಂದು ತಿಳಿಯುತ್ತದೆ. 1387ರಲ್ಲಿ ಮಲಗರಸ ಹೊಸ ಶಿಖರಕ್ಕೆ ಚಿನ್ನದ ಲೇಪದ ಕಳಸ ಇಡಿಸಿದ. ಕಲಬುರಗಿಯ ಗಂಗಸಾಲಾರ ಸುಟ್ಟಿದ್ದ ಮಹಾದ್ವಾರದ ಗೋಪುರವನ್ನು ಗುಂಡ ದಂಡನಾಯಕ 1397ರಲ್ಲಿ ಏಳು ನೆಲೆಯಾಗಿ ಎತ್ತಿಸಿದ. ಗುಡಿ ಕಟ್ಟಿದವರ ವಂಶಕ್ಕೂ ಇವರಿಗೂ ಸಂಬಂಧವಿಲ್ಲ. ಆದರೂ "ನಾವು ಕಟ್ಟಿದ್ದಲ್ಲ" ಎನ್ನಲಿಲ್ಲ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ದೊಡ್ಡದೆಂದು ಶಾಸನಗಳು ಹೇಳುತ್ತಿದ್ದವು; ಹೊಸ ಅರಸೊತ್ತಿಗೆಗೆ ಹಳೆಯ ಗುಡಿಯ ದುರಸ್ತಿಯಿಂದ ನಾಡಿನ ಮನ್ನಣೆಯೂ ದೊರೆಯುತ್ತಿತ್ತು. ಬರಿಯ ಭಕ್ತಿಯೆಂದೂ ಬರಿಯ ರಾಜಕಾರಣವೆಂದೂ ಇದನ್ನು ಸೀಳಿ ನೋಡಬೇಕಾಗಿಲ್ಲ.

ಕೊನೆಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಗರ್ಭಗುಡಿಯನ್ನು ಉಳಿಸಲೆಂದು ಜೀರ್ಣವಾಗಿದ್ದ ಶಿಖರವನ್ನೇ ಇಳಿಸಿಬಿಟ್ಟರು. ಮತ್ತೆ ಕಟ್ಟಲಿಲ್ಲ. ಬೇಲೂರಿನಲ್ಲಿ ಕ್ಯಾಮೆರಾ ಇಟ್ಟವರಿಗೆ ಇದು ಕೂಡಲೇ ಅರಿವಾಗುತ್ತದೆ. ಗುಡಿ ಚೌಕಟ್ಟಿನ ಕೆಳಭಾಗದಲ್ಲಿ ತಗ್ಗಾಗಿ ಕೂರುತ್ತದೆ, ಮೇಲೆಲ್ಲ ಬರೀ ಆಕಾಶ.

ಹಳೇಬೀಡಿನದು ಬೇರೆ ಪಾಠ. ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಹೊತ್ತಿಗೆ ಅಧಿಕಾರಿ ಕೇತಮಲ್ಲನ ಮುಂದಾಳ್ತನದಲ್ಲಿ ಮೊದಲಾಯಿತು. ದೋರಸಮುದ್ರ 1311ರಲ್ಲಿ ಮಲಿಕ್ ಕಾಫರನ ದಾಳಿಯನ್ನೂ ಆಮೇಲೆ ತುಘಲಕ್ ಸೈನ್ಯದ ದಾಳಿಯನ್ನೂ ಕಂಡು ರಾಜಧಾನಿಯ ಪಟ್ಟ ಕಳೆದುಕೊಂಡಿತು. ದತ್ತಿಯ ಊರು ಹಾಳುಬಿದ್ದರೆ, ತೆರಿಗೆ ಎತ್ತುವ ಅಧಿಕಾರಿಯೇ ಇಲ್ಲದಿದ್ದರೆ, ಖಂಡಸ್ಫುಟಿತದ ಸಾಲು ಕಲ್ಲಿನ ಮೇಲಷ್ಟೇ ಉಳಿಯುತ್ತದೆ. ದತ್ತಿಪದ್ಧತಿಯ ದೌರ್ಬಲ್ಯ ಇದೇ ಎಂದು ನನಗೆ ತೋರುತ್ತದೆ: ನಿಧಿ ಇದೆ, ಅದನ್ನು ಕೇಳಿ ಪಡೆಯುವವರಿಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗಂಗವಾಡಿಯ ಹಾಳು ಬಸದಿಗಳನ್ನೆಲ್ಲ ಉದ್ಧಾರ ಮಾಡಿದನೆಂದು ಶಾಸನಗಳು ಹೊಗಳುತ್ತವೆ. ಹೊಗಳಿಕೆಯನ್ನು ತಿರುಗಿಸಿ ಓದಿದರೆ, ಅವನಿಗಿಂತ ಮುಂಚೆ ಎಷ್ಟು ಬಸದಿಗಳ ದುರಸ್ತಿ ನಿಂತುಹೋಗಿತ್ತು ಎಂಬುದೂ ಹೊಳೆಯುತ್ತದೆ.

ಹೊಸ ಕಾಲದಲ್ಲಿ ಖರ್ಚು ಸರಕಾರದ ಖಾತೆಗೆ ಬಂತು. ಮೈಸೂರು ಸಂಸ್ಥಾನ 1885ರ ಸುಮಾರಿಗೆ ಪುರಾತತ್ತ್ವ ಇಲಾಖೆ ತೆರೆಯಿತು. 1935ರಲ್ಲಿ ಸರಕಾರ ಮತ್ತು ಒಡೆಯರ ಮನೆತನದ ನೆರವಿನಿಂದ ಬೇಲೂರು ಗುಡಿಯ ಭಾಗಗಳು ದುರಸ್ತಿಯಾದವು. 1955ರ ಇನಾಂ ರದ್ದತಿ ಕಾಯಿದೆಯಿಂದ ಗುಡಿಗಳ ಭೂಮಿ ಕೈಬಿಟ್ಟು, ಬದಲಿಗೆ ತಸ್ತೀಕು ಎಂಬ ನಗದು ಬಂತು. ಉಳುವವರಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಬೆಳೆ ಹೆಚ್ಚಿದರೆ ದುರಸ್ತಿಯ ಪಾಲೂ ಹೆಚ್ಚುತ್ತಿದ್ದ ಹಳೆಯ ಕೊಂಡಿ ಕಳಚಿತು.

ಈಗ ಬಾಲ್ಕನಿಗೆ ಬರೋಣ. ಗೋಡೆಯಿಂದ ಹೊರಚಾಚಿದ ಚಪ್ಪಡಿಯಲ್ಲಿ ಎಳೆತ ಬೀಳುವುದು ಮೇಲ್ಮೈಯಲ್ಲಿ. ಆದ್ದರಿಂದ ಮುಖ್ಯ ಕಬ್ಬಿಣದ ಸರಳುಗಳನ್ನು ಮೇಲ್ಗಡೆಯೇ ಇಡುತ್ತಾರೆ, ಮಳೆನೀರು ನಿಲ್ಲುವುದೂ ಅಲ್ಲಿಯೇ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಮೆರಿಕದ ಬರ್ಕ್ಲಿ ನಗರದಲ್ಲಿ 2015ರ ಜೂನ್ 16ರಂದು ವಸತಿ ಸಮುಚ್ಚಯವೊಂದರ ಬಾಲ್ಕನಿ ಮುರಿದುಬಿತ್ತು. ಹುಟ್ಟುಹಬ್ಬಕ್ಕೆ ಸೇರಿದ್ದ ಆರು ಮಂದಿ ಎಳೆಯರು ಸತ್ತರು, ಏಳು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬೇಸಗೆಯ ಕೆಲಸಕ್ಕೆ ಬಂದಿದ್ದ ವಿದ್ಯಾರ್ಥಿಗಳು, ಬಹುಪಾಲು ನಿಮ್ಮ ವಯಸ್ಸಿನವರೇ. ಕಟ್ಟಡಕ್ಕೆ ಹತ್ತು ವರ್ಷವೂ ಆಗಿರಲಿಲ್ಲ. ಒಳಗಿನ ಮರದ ತೊಲೆಗಳು ನೀರು ಕುಡಿದು ಕೊಳೆತಿದ್ದವು. ಆಮೇಲೆ ಕ್ಯಾಲಿಫೋರ್ನಿಯಾ 2018ರಲ್ಲಿ ಬಾಡಿಗೆ ಸಮುಚ್ಚಯಗಳಿಗೆ ಆರು ವರ್ಷಕ್ಕೊಮ್ಮೆ, 2019ರಲ್ಲಿ ಸ್ವಂತ ಮನೆಗಳ ಸಮುಚ್ಚಯಗಳಿಗೆ ಒಂಬತ್ತು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವೆಂದು ಕಾಯಿದೆ ಮಾಡಿತು.

ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಸಾಮಾನ್ಯ ಭಾಗಗಳ ಖರ್ಚನ್ನು ಒಡೆಯರೆಲ್ಲ ತಮ್ಮ ತಮ್ಮ ಪಾಲಿನ ಪ್ರಮಾಣದಲ್ಲಿ ಹೊರಬೇಕೆಂದು ವಿಧಿಸಿತು. ನಾನು ಆ ಭಾಗ ಬಳಸುವುದೇ ಇಲ್ಲ ಎಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದೂ ಸೇರಿಸಿತು. ತೂಬಿನಿಂದ ದೂರವಿದ್ದ ಗದ್ದೆಯ ನೆನಪಾಗದಿರದು. ಕೆಲವೇ ಮನೆಗಳ ಬಳಕೆಗೆ ಮೀಸಲಾದ ಸೀಮಿತ ಸಾಮಾನ್ಯ ಭಾಗ ಎಂಬ ಇನ್ನೊಂದು ಬಗೆಯನ್ನೂ ಕಾಯಿದೆ ಹೇಳಿತು. ಬಾಲ್ಕನಿ ಯಾವ ಬಗೆಗೆ ಸೇರುತ್ತದೆ ಎಂಬುದಕ್ಕೆ ಆಯಾ ಕಟ್ಟಡದ ಘೋಷಣಾ ಪತ್ರವನ್ನೇ ನೋಡಬೇಕು. ಮನೆ ಕೊಳ್ಳುವಾಗ ಅಡುಗೆಮನೆಯ ಅಳತೆ ನೋಡುವವರು ಆ ಪತ್ರ ಓದುವುದು ಅಪರೂಪ. ಕಟ್ಟಿ ಮಾರಿದವರ ಹೊಣೆಯನ್ನು 2016ರ ರಿಯಲ್ ಎಸ್ಟೇಟ್ ಕಾಯಿದೆ ಗೊತ್ತುಮಾಡಿತು: ಮನೆ ಒಪ್ಪಿಸಿದ ಐದು ವರ್ಷದೊಳಗೆ ರಚನಾ ದೋಷ ಕಂಡುಬಂದರೆ ಅವರೇ ಪುಕ್ಕಟೆಯಾಗಿ ಸರಿಪಡಿಸಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಕಲ್ಲು ಬಿರುಕು ಬಿಟ್ಟರೆ ಖರ್ಚು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯದು. ಗುಡಿಯ ಪಕ್ಕದ ಬೀದಿಯ ಹೆಂಚಿನ ಮನೆಯವರ ಪಾಡು ಬೇರೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಗೆ 200 ಮೀಟರು ನಿಯಂತ್ರಿತ ವಲಯ. 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಸಬಹುದೆಂದು 2010ರ ತಿದ್ದುಪಡಿ ಹೇಳಿತು. ಮಳೆಗಾಲಕ್ಕೆ ಮುಂಚೆ ಕೊಳೆತ ಜಂತಿ ಬದಲಾಯಿಸಬೇಕಾದರೆ ಮನೆಯವರು ಮೊದಲು ಅರ್ಜಿ ಹಾಕಬೇಕು. ಜಂತಿಯ ದುಡ್ಡು ಅವರದೇ.