ಕೋಲಾರದ ಒಲೆ ಆರಿಸಿದ ಕೊಡಗಿನ ಮಳೆ

ಕೋಲಾರ ಚಿನ್ನದ ಗಣಿಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗುವವರು ತಪ್ಪದೆ ತೆಗೆಯುವ ಚಿತ್ರ ಒಂದಿದೆ: ಗಣಿಬಾವಿಯ ಮೇಲೆ ನಿಂತಿರುವ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗುವುದನ್ನು ಮರೆತ ಗಾಲಿ, ಹಿಂದೆ ಸೈನೈಡ್ ಗುಡ್ಡ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್‌ನ ಒಳಗನ್ನು ಇನ್ನು ಯಾರೂ ಚಿತ್ರ ತೆಗೆಯಲಾರರು. ಉಳಿದಿರುವುದು ನೆಲದ ಮೇಲಿನದು ಮಾತ್ರ.

ಆದರೆ ಈ ಚಿತ್ರಗಳಲ್ಲಿ ಒಂದು ವಸ್ತು ಕಾಣುವುದಿಲ್ಲ. ಅದು ಬೆಂಕಿ. ಗಣಿಯ ಮೊದಲ ಎರಡು ದಶಕಗಳನ್ನು ನಡೆಸಿದ್ದು ಬಾಯ್ಲರಿನ ಬೆಂಕಿಯೇ. ಆ ಬೆಂಕಿಯನ್ನು ಆರಿಸಿದ್ದು ಕೋಲಾರದವರಲ್ಲ. ನೂರಾರು ಕಿಲೋಮೀಟರ್ ದೂರದ ಕೊಡಗಿನ ಮಳೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದಾಗ ಅದರ ಮುಂದಿದ್ದ ದೊಡ್ಡ ಸಮಸ್ಯೆ ಚಿನ್ನದ್ದಲ್ಲ, ಉರುವಲಿನದು. ಬಂಡೆ ಪುಡಿಮಾಡಲು, ನೀರು ಮೇಲೆತ್ತಲು, ಆಳುಗಳನ್ನು ಇಳಿಸಿ ಹತ್ತಿಸಲು ಎಲ್ಲಕ್ಕೂ ಉಗಿಯಂತ್ರವೇ ಬೇಕು. ಉಗಿಗೆ ಮೊದಲು ಸುತ್ತಲಿನ ಕಾಡಿನ ಸೌದೆ ಉರಿಯಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ, ದೂರದಿಂದ ತರಿಸಬೇಕು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹತ್ತು ಮೈಲಿಯ ರೈಲುಹಾದಿ ಬಿದ್ದಿತು. ಕಲ್ಲಿದ್ದಲು ಗಣಿಯ ಬಾಗಿಲಿಗೇ ಬಂತು, ಆದರೆ ಅಗ್ಗವಾಗಲಿಲ್ಲ. ಗಣಿ ಆಳಕ್ಕಿಳಿದಷ್ಟೂ ಒಲೆಯ ಹೊಟ್ಟೆ ದೊಡ್ಡದಾಗುತ್ತಿತ್ತು.

ಇದಕ್ಕೆ ಪರಿಹಾರ ಕಾವೇರಿಯಲ್ಲಿದೆ ಎಂದು ನಂಬಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಶಿವನಸಮುದ್ರದಲ್ಲಿ ನದಿ ಸುಮಾರು 400 ಅಡಿ ಕೆಳಗಿಳಿಯುತ್ತದೆ. ಆ ಇಳಿಜಾರನ್ನು ವಿದ್ಯುತ್ತಾಗಿಸುವ ಹೊಣೆ ಬಿದ್ದದ್ದು ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಮೇಲೆ. (ಪಾಳುಕಟ್ಟಡಗಳ ಚಿತ್ರ ತೆಗೆಯುವವರಿಗೆ ಸ್ವಾರಸ್ಯವೆನಿಸುವ ಸಂಗತಿ: ಈತನ ಅಜ್ಜ 1839ರಲ್ಲಿ, ಛಾಯಾಗ್ರಹಣ ಹುಟ್ಟಿದ ವರ್ಷವೇ, ಅಥೆನ್ಸಿನ ಭಗ್ನ ದೇಗುಲಗಳ ಚಿತ್ರ ತೆಗೆದವರು.) ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಮದ್ದೂರು ನಿಲ್ದಾಣದಲ್ಲಿ ಇಳಿಸಿದ ಭಾರಿ ಯಂತ್ರಗಳನ್ನು ಜಲಪಾತದವರೆಗೆ ಎಳೆದದ್ದು ಆನೆಗಳು ಮತ್ತು ಎತ್ತುಗಳು.

1902ರ ಜೂನ್ 30ರಂದು 92 ಮೈಲಿ ತಂತಿಯ ಮೇಲೆ ವಿದ್ಯುತ್ ಗಣಿಯನ್ನು ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಜಗತ್ತಿನಲ್ಲೇ ಅತಿ ಉದ್ದದ ತಂತಿಮಾರ್ಗ ಎಂದು ಇದನ್ನು ಹೊಗಳುವುದು ರೂಢಿ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ 142 ಮೈಲಿಯ ಮಾರ್ಗ ಇತ್ತು. ಏಷ್ಯಾದ ಮೊದಲ ಜಲವಿದ್ಯುತ್ ಎಂಬ ಮಾತೂ ಅಷ್ಟೆ, ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ದೀಪ ಹೊತ್ತಿತ್ತು. ಈ ಉತ್ಪ್ರೇಕ್ಷೆಗಳಿಲ್ಲದೆಯೂ ಮೈಸೂರಿನ ಸಾಧನೆ ಸಣ್ಣದಲ್ಲ. ಬೆಂಗಳೂರಿನ ಬೀದಿದೀಪ ಬೆಳಗಿದ್ದು ಇದಾದ ಮೂರು ವರ್ಷದ ಮೇಲೆ, 1905ರ ಆಗಸ್ಟಿನಲ್ಲಿ. ಅರಮನೆ ಸರ್ಕಾರದ ಮೊದಲ ಗಿರಾಕಿ ನಾಗರಿಕನಲ್ಲ, ಗಣಿ ಕಂಪನಿ.

ಕಲ್ಲಿದ್ದಲಿನ ಅವಲಂಬನೆ ಹೋಯಿತು. ಅದರ ಜಾಗದಲ್ಲಿ ಮಳೆಯ ಅವಲಂಬನೆ ಬಂತು. ಕೋಲಾರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ತಲಕಾವೇರಿಯ ಕೆಳಗಿನ ಭಾಗಮಂಡಲದಲ್ಲಿ 5,000 ದಾಟುವುದು ಅಪರೂಪವಲ್ಲ. ಕಕ್ಕಡ ತಿಂಗಳಲ್ಲಿ ಕೊಡವರ ಗದ್ದೆಗಳಲ್ಲಿ ನಾಟಿ ನಡೆಯುವಾಗ ಸುರಿಯುವ ಆ ಮಳೆಯೇ ಕಾವೇರಿಯಾಗಿ, ಹಾರಂಗಿಯಾಗಿ, ಲಕ್ಷ್ಮಣತೀರ್ಥವಾಗಿ ಮೈಸೂರಿಗೆ ಇಳಿಯಬೇಕು. ಇಳಿದರೆ ಗಣಿಯ ಯಂತ್ರ ತಿರುಗುತ್ತದೆ. ಬೇಸಗೆಯಲ್ಲಿ ನದಿ ಸೊರಗಿದರೆ? ಕಲ್ಲಿದ್ದಲನ್ನು ರಾಶಿ ಹಾಕಿಟ್ಟುಕೊಳ್ಳಬಹುದು, ಹರಿಯುವ ನದಿಯನ್ನು ಹಾಗೆ ಇಟ್ಟುಕೊಳ್ಳಲಾಗದು.

ಇಟ್ಟುಕೊಳ್ಳುವ ಉಪಾಯವೇ ಅಣೆಕಟ್ಟು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾದಾಗ ಮಂಡ್ಯದ ಗದ್ದೆಗಳಷ್ಟೇ ಅಲ್ಲ, ಗಣಿಗೆ ಎಡೆಬಿಡದೆ ವಿದ್ಯುತ್ ಕೊಡುವುದೂ ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿತ್ತು. ಅಣೆಕಟ್ಟಿನ ಎತ್ತರದ ಬಗ್ಗೆ ಮದರಾಸು ತಗಾದೆ ತೆಗೆಯಿತು. ವ್ಯಾಜ್ಯ 1924ರ ಒಪ್ಪಂದದಲ್ಲಿ ಮುಗಿಯಿತು. ಸಹಿ ಹಾಕಿದ್ದು ಮೈಸೂರು ಮತ್ತು ಮದರಾಸು. ನದಿ ಹುಟ್ಟುವ ಕೊಡಗು ಆಗ ಬ್ರಿಟಿಷರ ಪ್ರತ್ಯೇಕ ಪ್ರಾಂತ, ಮೈಸೂರಿನ ರೆಸಿಡೆಂಟರೇ ಅದಕ್ಕೂ ಚೀಫ್ ಕಮಿಷನರ್. ಒಪ್ಪಂದದಲ್ಲಿ ಅದು ಪಕ್ಷಗಾರನಾಗಿರಲಿಲ್ಲ. ಕಾವೇರಿಯನ್ನು ಕುಲದೇವತೆ ಎನ್ನುವವರನ್ನು ಬಿಟ್ಟೇ ಕಾವೇರಿಯ ಹಂಚಿಕೆ ನಡೆದದ್ದು ವಿಚಿತ್ರ. ಆದರೂ ಈ ಮಾತು ಎಲ್ಲೂ ಹೆಚ್ಚು ಚರ್ಚೆಯಾಗುವುದಿಲ್ಲ.

ಮಳೆ ಕೈಕೊಟ್ಟ ವರ್ಷ ಕತ್ತಲೆ ಎಂಬ ಪಾಠ ಮುಂದೆ ಇಡೀ ರಾಜ್ಯಕ್ಕೆ ಅರ್ಥವಾಯಿತು. ಶರಾವತಿ, ಕಾಳಿ ನದಿಗಳು ಸೇರಿದರೂ ಸಾಲಲಿಲ್ಲ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರ ಶುರುವಾಯಿತು. ಅದಕ್ಕೂ ಕಲ್ಲಿದ್ದಲು ಹೊರರಾಜ್ಯಗಳಿಂದಲೇ, ರೈಲಿನಲ್ಲೇ ಬರಬೇಕಾಯಿತು.

ಶಿವನಸಮುದ್ರದ ಕೇಂದ್ರದಲ್ಲಿ ಈಗಲೂ ವಿದ್ಯುತ್ ಹುಟ್ಟುತ್ತಿದೆ, ಅದನ್ನು ಮೊದಲು ಕೊಂಡ ಗಣಿ ಇಲ್ಲ. ಮಾರಿಕುಪ್ಪಂ ಹಾದಿಯ ಹಳಿಗಳು ಮಾತ್ರ ತುಕ್ಕು ಹಿಡಿದಿಲ್ಲ. ಒಂದು ಕಾಲಕ್ಕೆ ಗಣಿಗೆ ಕಲ್ಲಿದ್ದಲು ತಂದ ಆ ಹಾದಿಯಲ್ಲಿ ಈಗ ಬೆಳಗಿನ ಕತ್ತಲಲ್ಲೇ ರೈಲು ಹೊರಡುತ್ತದೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಊಟದ ಡಬ್ಬಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ.