ಮನೆಯೊಳಗಿನ ಗಾಳಿಯ ಶುದ್ಧತೆ ಮತ್ತು ಹಿರಿಯ ನಾಗರಿಕರ ಹೃದಯಾರೋಗ್ಯ: ಕಾಪು ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಮನೆಯೊಳಗಿನ ಗಾಳಿಗೂ ಅರವತ್ತು ವರ್ಷ ಮೇಲ್ಪಟ್ಟವರ ಹೃದಯ, ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಗೂ ಇರುವ ಸಂಬಂಧ, ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು ಮತ್ತು ಅಡುಗೆ ಅನಿಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ವಿಧಾನವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

1. ಹಿನ್ನೆಲೆ

ಕಾಪು ತಾಲ್ಲೂಕು ಅರಬ್ಬೀ ಸಮುದ್ರದ ತೀರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66 ತಾಲ್ಲೂಕಿನ ಮೂಲಕ ಹಾದುಹೋಗುತ್ತದೆ. ಎಲ್ಲೂರಿನಲ್ಲಿ 1200 ಮೆಗಾವ್ಯಾಟ್ ಸಾಮರ್ಥ್ಯದ, ಕಲ್ಲಿದ್ದಲು ಆಧಾರಿತ ಉಷ್ಣ ವಿದ್ಯುತ್ ಸ್ಥಾವರವಿದೆ. ಹೊರಗಿನ ವಾಯುಮಾಲಿನ್ಯದ ನಿಯಂತ್ರಣವು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಒಳಪಟ್ಟಿದೆ. ಆದರೆ ವಯೋವೃದ್ಧರು ದಿನದ ಹೆಚ್ಚಿನ ಸಮಯವನ್ನು ಮನೆಯೊಳಗೇ ಕಳೆಯುವುದರಿಂದ ಮನೆಯಲ್ಲಿ ಉಂಟಾಗುವ ಹೊಗೆಯೂ ಅಷ್ಟೇ ಗಮನಾರ್ಹವಾಗಿದೆ.

ಕರಾವಳಿಯಲ್ಲಿ ಅಡುಗೆ ಅನಿಲವಿರುವ ಮನೆಗಳಲ್ಲಿಯೂ ಸೌದೆ ಒಲೆಯ ಬಳಕೆ ಪೂರ್ಣವಾಗಿ ನಿಂತಿಲ್ಲ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾಗುವುದು ಇದಕ್ಕೆ ಒಂದು ಕಾರಣ. ಬಚ್ಚಲಿನ ಹಂಡೆಯ ನೀರನ್ನು ತೆಂಗಿನ ಸಿಪ್ಪೆ, ಗೆರಟೆ ಮತ್ತು ಮಡಲಿನಿಂದ ಕಾಯಿಸುವುದು ಇನ್ನೊಂದು ಕಾರಣ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ ಹೊಗೆ ಹೆಚ್ಚುತ್ತದೆ; ಕಿಟಕಿ ಬಾಗಿಲು ಮುಚ್ಚಿರುವುದರಿಂದ ಹೊಗೆ ಒಳಗೇ ಉಳಿಯುತ್ತದೆ. ಸೊಳ್ಳೆಬತ್ತಿ, ಊದುಬತ್ತಿ ಮತ್ತು ಬೀಡಿ ಸಿಗರೇಟಿನ ಹೊಗೆಯೂ ಇದಕ್ಕೆ ಸೇರುತ್ತದೆ.

2. ಆರೋಗ್ಯದ ಮೇಲಿನ ಪರಿಣಾಮ

ಹೊಗೆಯಲ್ಲಿರುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವುಗಳಿಂದ ಉರಿಯೂತ ಉಂಟಾಗಿ, ರಕ್ತನಾಳಗಳು ಬಿಗಿದು, ರಕ್ತದೊತ್ತಡ ಏರುತ್ತದೆ ಮತ್ತು ಇನ್ಸುಲಿನ್‌ನ ಕಾರ್ಯಕ್ಕೆ ಅಡ್ಡಿಯಾಗುತ್ತದೆ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ಚೆನ್ನೈ ಮತ್ತು ದೆಹಲಿಯ ನಿವಾಸಿಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕಣಗಳ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರ್‌ಗೆ 10 ಮೈಕ್ರೋಗ್ರಾಂ ಹೆಚ್ಚಿದಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 22ರಷ್ಟು ಹೆಚ್ಚಿರುವುದು ಕಂಡುಬಂದಿದೆ.

2009ರ ರಾಷ್ಟ್ರೀಯ ಮಾನದಂಡದಂತೆ ಹೊರಗಿನ ಗಾಳಿಯಲ್ಲಿ ಈ ಕಣಗಳ 24 ಗಂಟೆಗಳ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15 ಮೈಕ್ರೋಗ್ರಾಂ.

3. ಗಾಳಿ ಶುದ್ಧೀಕರಣ ಯಂತ್ರದ ಉಪಯೋಗ ಮತ್ತು ಮಿತಿ

ಹೆಪಾ ಫಿಲ್ಟರ್ ಅಳವಡಿಸಿದ ಯಂತ್ರಗಳು ಸೂಕ್ಷ್ಮ ಕಣಗಳನ್ನು ತಡೆಹಿಡಿಯುತ್ತವೆ. ಕೋಪನ್‌ಹೇಗನ್‌ನಲ್ಲಿ 60ರಿಂದ 75 ವರ್ಷದ 21 ದಂಪತಿಗಳ ಮನೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 48 ಗಂಟೆಗಳ ಶುದ್ಧೀಕರಣದಿಂದ ಸಣ್ಣ ರಕ್ತನಾಳಗಳ ಕಾರ್ಯ ಉತ್ತಮಗೊಂಡಿತು. ಅಮೆರಿಕದ ಡೆಟ್ರಾಯಿಟ್‌ನ ವೃದ್ಧರ ವಸತಿ ಸಮುಚ್ಚಯವೊಂದರ 40 ನಿವಾಸಿಗಳ ಅಧ್ಯಯನದಲ್ಲಿ (2018) ಮೂರು ದಿನಗಳಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು 3 ಮಿ.ಮೀ. ಇಳಿಯಿತು. ಇವು ಅಲ್ಪಾವಧಿಯ ಅಧ್ಯಯನಗಳಾಗಿದ್ದು, ಯಂತ್ರದಿಂದ ಹೃದಯಾಘಾತ ತಪ್ಪುತ್ತದೆಂದು ಇವುಗಳಿಂದ ಸಿದ್ಧವಾಗುವುದಿಲ್ಲ. ಆದ್ದರಿಂದ ಯಂತ್ರವನ್ನು ಔಷಧಕ್ಕೆ ಬದಲಿಯೆಂದು ಭಾವಿಸತಕ್ಕದ್ದಲ್ಲ.

ಖರೀದಿಸುವವರು ಗಮನಿಸಬೇಕಾದ ಅಂಶಗಳು:

• 10 ಅಡಿ ಉದ್ದ, 12 ಅಡಿ ಅಗಲದ ಕೋಣೆಗೆ ಗಂಟೆಗೆ ಸುಮಾರು 140 ಘನ ಮೀಟರ್ ಗಾಳಿ ಶುದ್ಧಗೊಳಿಸುವ ಯಂತ್ರ ಸಾಕಾಗುತ್ತದೆ. ಹಿರಿಯರು ಮಲಗುವ ಕೋಣೆಯಲ್ಲಿಡುವುದು ಸೂಕ್ತ.
• ಮುಚ್ಚಿಗೆಯಿಲ್ಲದ ಹೆಂಚಿನ ಮಾಡಿನ ಮನೆಗಳಲ್ಲಿ ಹೊರಗಿನ ಗಾಳಿ ಸತತವಾಗಿ ಒಳಬರುವುದರಿಂದ ಪ್ರಯೋಜನ ಕಡಿಮೆ.
• ಓಜೋನ್ ಹೊರಸೂಸುವ ಯಂತ್ರಗಳನ್ನು ಕೊಳ್ಳಬಾರದು.
• ಕರಾವಳಿಯ ತೇವದಲ್ಲಿ ಫಿಲ್ಟರಿಗೆ ಬೂಷ್ಟು ಹಿಡಿಯಬಹುದು. ಮಳೆಗಾಲದಲ್ಲಿ ಆಗಾಗ ಪರಿಶೀಲಿಸಬೇಕು.
• ಇಂತಹ ಯಂತ್ರಗಳು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತೆಗೆಯಲಾರವು. ಸೌದೆ ಒಲೆಯಿರುವ ಮನೆಗೆ ಯಂತ್ರ ಪರಿಹಾರವಲ್ಲ. ಹೊಗೆಯ ಮೂಲವನ್ನು ನಿವಾರಿಸುವುದೇ ಮೊದಲ ಕ್ರಮ.

4. ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

• ಕುಚ್ಚಲಕ್ಕಿಯನ್ನು ನೆನೆಸಿಟ್ಟು ಪ್ರೆಶರ್ ಕುಕ್ಕರ್‌ನಲ್ಲಿ, ಅಥವಾ ಕುದಿ ಬಂದ ಮೇಲೆ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರ್‌ನಲ್ಲಿ ಬೇಯಿಸಿದಲ್ಲಿ ಅನಿಲದ ಖರ್ಚು ಬಹಳಷ್ಟು ಉಳಿಯುತ್ತದೆ.
• ಸ್ನಾನದ ನೀರಿಗೆ ಸೌರ ಅಥವಾ ವಿದ್ಯುತ್ ಹೀಟರ್ ಬಳಸಬಹುದು. ಗ್ಯಾಸ್ ಗೀಸರನ್ನು ಸ್ನಾನಗೃಹದ ಒಳಗೆ ಅಳವಡಿಸಬಾರದು. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯಕಾರಿ.
• ಸೌದೆ ಅನಿವಾರ್ಯವಾದಲ್ಲಿ ಹೊಗೆ ಕೊಳವೆಯುಳ್ಳ ಒಲೆ ಬಳಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಇಂತಹದ್ದು. ಒಣ ಸೌದೆಯನ್ನಷ್ಟೇ ಉರಿಸಬೇಕು. ಪ್ಲಾಸ್ಟಿಕ್ ಸುಡಬಾರದು.
• ಹೃದ್ರೋಗ ಅಥವಾ ಸಕ್ಕರೆ ಕಾಯಿಲೆಯುಳ್ಳ ಹಿರಿಯರಿಗೆ ಹಂಡೆಗೆ ಬೆಂಕಿ ಹಾಕುವ ಕೆಲಸವನ್ನು ವಹಿಸಬಾರದು.
• ಸೊಳ್ಳೆಬತ್ತಿಗೆ ಬದಲಾಗಿ ಸೊಳ್ಳೆಪರದೆ ಬಳಸಬೇಕು.

5. ಪ್ರಧಾನ ಮಂತ್ರಿ ಉಜ್ವಲ ಯೋಜನೆ

2016ರ ಮೇ 1ರಂದು ಆರಂಭವಾದ ಈ ಯೋಜನೆಯಡಿ, ಕೇಂದ್ರ ಸರ್ಕಾರ ಮಂಜೂರು ಮಾಡುವ ಸಂಪರ್ಕಗಳ ಸಂಖ್ಯೆಗೆ ಒಳಪಟ್ಟು, ಬಡ ಕುಟುಂಬಗಳಿಗೆ ಠೇವಣಿಯಿಲ್ಲದೆ ಅನಿಲ ಸಂಪರ್ಕ ನೀಡಲಾಗುತ್ತದೆ.

ಅರ್ಹತೆ: ಅರ್ಜಿದಾರರು 18 ವರ್ಷ ತುಂಬಿದ ಮಹಿಳೆಯಾಗಿರಬೇಕು. ಕುಟುಂಬದ ಯಾರ ಹೆಸರಿನಲ್ಲಿಯೂ ಅನಿಲ ಸಂಪರ್ಕ ಇರಬಾರದು.

ದಾಖಲೆಗಳು: ಅರ್ಜಿದಾರರ ಹಾಗೂ ಕುಟುಂಬದ ವಯಸ್ಕ ಸದಸ್ಯರ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಯ ವಿವರ.

ವಿಧಾನ: ಸಮೀಪದ ಅನಿಲ ವಿತರಕರಲ್ಲಿ ಅಥವಾ ಯೋಜನೆಯ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮಾಹಿತಿಗೆ ಉಚಿತ ದೂರವಾಣಿ 1800-266-6696. ಅನಿಲ ಸೋರಿಕೆಯಾದಲ್ಲಿ 1906ಕ್ಕೆ ಕರೆ ಮಾಡಬೇಕು.

ಸಂಪರ್ಕ ಪಡೆದ ಬಳಿಕ ಸಿಲಿಂಡರ್ ಮರುಪೂರಣದ ವೆಚ್ಚಕ್ಕೆ ಹೆದರಿ ಮತ್ತೆ ಸೌದೆಗೆ ಮರಳುವ ಕುಟುಂಬಗಳಿವೆ. ಫಲಾನುಭವಿಗಳಿಗೆ ಸಹಾಯಧನವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

6. ತಪಾಸಣೆ ಮತ್ತು ತುರ್ತು ನೆರವು

ಮೂವತ್ತು ವರ್ಷ ಮೇಲ್ಪಟ್ಟ ಎಲ್ಲರಿಗೂ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಅಲ್ಲಿಗೆ ತೆರಳಲು ಅಶಕ್ತರಾದ ಹಿರಿಯರ ಕುಟುಂಬದವರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು. ಎದೆನೋವು, ಏದುಸಿರು, ಮಾತು ತೊದಲುವುದು ಅಥವಾ ಒಂದು ಬದಿಯ ಕೈಕಾಲು ಸೋಲುವುದು ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಹಿರಿಯ ನಾಗರಿಕರ ಸಹಾಯವಾಣಿ ಸಂಖ್ಯೆ 14567.